ವಾಶಿ ಸೇತುವೆ ಮೇಲೆ ಮುಂದುವರಿದ ಸಂವಿಧಾನದ ಪಾಠ

ಭಾನುವಾರ ಬೆಳಿಗ್ಗೆ ನವಿ ಮುಂಬಯಿಯ ನೆರೂಳಿನ ನಮ್ಮ ಮನೆಗೆ ಓದಲು ನಾಲ್ಕು ಮಕ್ಕಳು ಬರುತ್ತಾರೆ. ಇಬ್ಬರು ಎಂಪಿಎಸ್‌ಸಿಗೆ (ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆ), ಇಬ್ಬರು ರೈಲ್ವೆ ಪರೀಕ್ಷೆಗೆ ಓದುವವರು. ಈ ಎರಡು ತಿಂಗಳು ಅವರ ಜೊತೆ ಐದನೆಯವಳಾಗಿ ನಮ್ಮ ಅಕ್ಕನ ಮಗಳೂ ಇದ್ದಾಳೆ. ಕುಮಟಾದಿಂದ ಬಂದವಳು, ಕೆಎಎಸ್‌ಗೆ ಓದುತ್ತಿದ್ದಾಳೆ. ಇಲ್ಲೇ ಹುಟ್ಟಿ ಬೆಳೆದ ನಾಲ್ವರದ್ದು ಮನೆಮಾತು ಕನ್ನಡ, ಶಾಲೆ ಮರಾಠಿ. ಹಾಗಂತ ಪಾಠಕ್ಕೆ ತೊಂದರೆ ಆಗಿಲ್ಲ. ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ ನಮಗೆ ಸಮವರ್ತಿ ಪಟ್ಟಿ, ಅವರಿಗೆ ಸಮವರ್ತಿ ಸೂಚಿ, ಅಷ್ಟೇ.

ಹೋದ ವಾರ ಪರಿಸರ ಕಾಯ್ದೆಗಳ ಸರದಿ. ವನ್ಯಜೀವಿ 1972, ಜಲ 1974, ಅರಣ್ಯ 1980, ವಾಯು 1981, ಪರಿಸರ 1986. ಎಲ್ಲರೂ ಇಸವಿಗಳನ್ನು ಪಟಪಟ ಒಪ್ಪಿಸಿದರು. ಆಗ ಅಕ್ಕನ ಮಗಳು ಕೇಳಿದಳು: "ಮಾವ, ನೀರು ರಾಜ್ಯಪಟ್ಟಿಯಲ್ಲಿದೆ, 17ನೇ ನಮೂದು. ಮತ್ತೆ ಜಲಮಾಲಿನ್ಯದ ಕಾಯ್ದೆ ಸಂಸತ್ತು ಹೇಗೆ ಮಾಡ್ತು?" ರಾಜ್ಯಪಟ್ಟಿ ಅಂದರೆ ಸಾಮಾನ್ಯವಾಗಿ ರಾಜ್ಯಗಳಷ್ಟೇ ಕಾನೂನು ಮಾಡುವ ವಿಷಯಗಳ ಪಟ್ಟಿ.

ನನಗೆ ಎಷ್ಟು ಖುಷಿಯಾಯಿತೆಂದರೆ, ಅವತ್ತಿನ ಉಳಿದ ಪಾಠವನ್ನೆಲ್ಲ ಬದಿಗಿಟ್ಟೆ. ಇಸವಿ ನೆನಪಿದ್ದರೆ ಒಂದು ಅಂಕ ಸಿಗಬಹುದು. ಈ ಪ್ರಶ್ನೆ ಅರ್ಥವಾದರೆ ಹತ್ತು ಪ್ರಶ್ನೆಗೆ ಉತ್ತರ ತಾನಾಗಿ ಬರುತ್ತದೆ.

ಉತ್ತರ ಇರುವುದು ಸಂವಿಧಾನದ 252ನೇ ವಿಧಿಯಲ್ಲಿ. ಎರಡು ಅಥವಾ ಜಾಸ್ತಿ ರಾಜ್ಯಗಳು ತಮ್ಮ ಶಾಸಕಾಂಗದಲ್ಲಿ ನಿರ್ಣಯ ಮಾಡಿ "ಇದಕ್ಕೆ ನೀವೇ ಕಾನೂನು ಮಾಡಿ" ಎಂದು ಕೇಳಿಕೊಂಡರೆ, ರಾಜ್ಯಪಟ್ಟಿಯ ವಿಷಯಕ್ಕೂ ಸಂಸತ್ತು ಕಾನೂನು ಮಾಡಬಹುದು. ಅದು ಕೇಳಿದ ರಾಜ್ಯಗಳಿಗೆ ಮಾತ್ರ ಅನ್ವಯ. ಬೇಕಾದ ರಾಜ್ಯ ಆಮೇಲೆ ಸೇರಿಕೊಳ್ಳಬಹುದು. 1974ರ ಜಲ ಕಾಯ್ದೆಯ ಮೊದಲ ಪುಟದಲ್ಲೇ ಹೀಗೆ ಮೊದಲು ಬಂದ 12 ರಾಜ್ಯಗಳ ಹೆಸರಿದೆ. ಕರ್ನಾಟಕ ಇದೆ, ಕೇರಳ ಇದೆ, ಗುಜರಾತ್ ಇದೆ.

"ಮಹಾರಾಷ್ಟ್ರ ಇಲ್ವಾ?" ಎಂದು ಎಂಪಿಎಸ್‌ಸಿ ಹುಡುಗ ಕೇಳಿದ. ಇಲ್ಲ. ಮಹಾರಾಷ್ಟ್ರಕ್ಕೆ 1969ರಲ್ಲೇ ತನ್ನದೇ ಜಲಮಾಲಿನ್ಯ ಕಾಯ್ದೆ ಇತ್ತು. ಕೇಂದ್ರದ ಕಾಯ್ದೆಗೆ ಅದು ಆಮೇಲೆ ಸೇರಿತು. ಒಂದು ದಿನ ಆ ಮೊದಲ ಪುಟ ತೆಗೆದು ಓದಿ. ಗೈಡ್‌ಗಳಲ್ಲಿ ಈ ಸ್ವಾದ ಸಿಗುವುದಿಲ್ಲ.

ಹಾಗಾದರೆ ಗಾಳಿ? ಅದಕ್ಕೆ ಸಂಸತ್ತು ಬೇರೆ ಬಾಗಿಲಿಂದ ಬಂತು. 253ನೇ ವಿಧಿ. ಅಂತರರಾಷ್ಟ್ರೀಯ ಒಪ್ಪಂದ ಅಥವಾ ಸಮ್ಮೇಳನದ ತೀರ್ಮಾನ ಜಾರಿಗೆ ತರಲು ಯಾವ ಪಟ್ಟಿಯ ವಿಷಯದ ಮೇಲಾದರೂ ಸಂಸತ್ತು ಕಾನೂನು ಮಾಡಬಹುದು. 1972ರ ಜೂನ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆಯಿತು. 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ ಎರಡೂ ಅದರ ಹೆಸರು ಹೇಳಿಯೇ ಶುರುವಾಗುತ್ತವೆ. ಇಲ್ಲಿ ಮಕ್ಕಳು ತಪ್ಪುತ್ತಾರೆ. 1986ರ ಕಾಯ್ದೆ ಅಂದ ಕೂಡಲೇ 1984ರ ಭೋಪಾಲ್ ಅನಿಲ ದುರಂತ ಎಂದು ಬರೆಯುತ್ತಾರೆ. ಕಾಯ್ದೆಗೆ ಅವಸರ ಬಂದದ್ದು ಭೋಪಾಲಿನಿಂದ, ನಿಜ. ಅದನ್ನು ಮಾಡುವ ಅಧಿಕಾರ ಬಂದದ್ದು ಸ್ಟಾಕ್‌ಹೋಮ್‌ನಿಂದ. ಕಾಯ್ದೆಯ ಪೀಠಿಕೆಯಲ್ಲಿ ಭೋಪಾಲಿನ ಹೆಸರೇ ಇಲ್ಲ.

ಕಾಡಿನದ್ದು ಮೂರನೇ ದಾರಿ. 1972ರಲ್ಲಿ ಕಾಡು, ವನ್ಯಜೀವಿ ಎರಡೂ ರಾಜ್ಯಪಟ್ಟಿಯಲ್ಲಿದ್ದವು. ಅದಕ್ಕೇ ವನ್ಯಜೀವಿ ಕಾಯ್ದೆಗೂ 252 ಬೇಕಾಯಿತು. 1976ರ 42ನೇ ತಿದ್ದುಪಡಿ ಎರಡನ್ನೂ ಸಮವರ್ತಿ ಪಟ್ಟಿಗೆ ತಂದಿತು. ಆಮೇಲೆ ಬಂದ 1980ರ ಅರಣ್ಯ ಕಾಯ್ದೆಗೆ ಯಾವ ರಾಜ್ಯವನ್ನೂ ಕೇಳಬೇಕಾಗಲಿಲ್ಲ. ಪರಿಸರ ರಕ್ಷಣೆಯನ್ನು ಸರ್ಕಾರದ ಹೊಣೆ ಮಾಡಿದ 48ಎ, ನಮ್ಮ ನಿಮ್ಮ ಕರ್ತವ್ಯ ಮಾಡಿದ 51ಎ(ಜಿ), ಇವೆರಡೂ ಅದೇ ತಿದ್ದುಪಡಿಯಲ್ಲಿ ಬಂದವು.

ಮಧ್ಯಾಹ್ನ ಊಟ ಮಾಡಿ ಎಲ್ಲರೂ ಹಾರ್ಬರ್ ಲೈನ್ ಹಿಡಿದೆವು. ವಾಶಿ ದಾಟಿ ಮಾನ್‌ಖುರ್ದ್ ಬರುವ ತನಕ ರೈಲು ಠಾಣೆ ಖಾಡಿಯ, ಅಂದರೆ ಸಮುದ್ರದ ನೀರು ಒಳನುಗ್ಗುವ ಹಿನ್ನೀರಿನ ಮೇಲೆ ಹೋಗುತ್ತದೆ. ನಾನು ದಿನಾ ಆಫೀಸಿಗೆ ಹೋಗುವ ದಾರಿ ಇದು. ಇಳಿತದ ಹೊತ್ತು, ಕೆಸರು ತೆರೆದಿತ್ತು. ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ಅಕ್ಕನ ಮಗಳು "ಅಯ್ಯೋ, ನಮ್ಮೂರಿನ ಹಾಗೇ ಇದೆ!" ಎಂದಳು. ಕೆಸರಿನಲ್ಲಿ ಗಾಳಿ ಇರುವುದಿಲ್ಲ. ಅದಕ್ಕೇ ಈ ಗಿಡಗಳಲ್ಲಿ ಕೆಲವು ಬೇರನ್ನೇ ಪೆನ್ಸಿಲ್ ಥರ ಮೇಲೆ ಕಳಿಸಿ ಉಸಿರಾಡುತ್ತವೆ. ಪುಸ್ತಕದ ಉಸಿರಾಟದ ಬೇರು ಅಂದರೆ ಇದೇ ಎಂದೆ. ರೈಲ್ವೆ ಹುಡುಗಿಗೆ ಬಿಒಡಿ, ಅಂದರೆ ನೀರಿನ ಜೈವಿಕ ಆಮ್ಲಜನಕ ಬೇಡಿಕೆ, ಯಾವಾಗಲೂ ಉಲ್ಟಾ ಆಗುತ್ತಿತ್ತು. ಕಪ್ಪು ನೀರಿನ ನಾಲೆಯೊಂದನ್ನು ತೋರಿಸಿದೆ. ಕೊಳೆ ಜಾಸ್ತಿ ಇದ್ದಷ್ಟೂ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಜಾಸ್ತಿ ಬೇಕು. ಬಿಒಡಿ ಏರಿದರೆ ನೀರು ಕೆಟ್ಟಿದೆ ಎಂದೇ ಅರ್ಥ. ಇನ್ನು ಅವಳು ಮರೆಯಲಿಕ್ಕಿಲ್ಲ.

ದೂರದಲ್ಲಿ ತೆಳು ಗುಲಾಬಿ ಗೆರೆ ಕಂಡಿತು. ಫ್ಲೆಮಿಂಗೊಗಳು. ವಾಶಿ, ಐರೋಲಿ ಸೇತುವೆಗಳ ನಡುವಿನ ಖಾಡಿ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯ ಆಯಿತು. 2022ರಲ್ಲಿ ರಾಮ್ಸಾರ್ ತಾಣವೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೂ ಆಯಿತು. ರಾಮ್ಸಾರ್ ಇರಾನಿನ ಊರು. ಜೌಗು ಪ್ರದೇಶಗಳ ಒಪ್ಪಂದ 1971ರ ಫೆಬ್ರವರಿ 2ರಂದು ಅಲ್ಲಿ ಆಯಿತು. ಆ ದಿನವೇ ವಿಶ್ವ ಜೌಗು ಪ್ರದೇಶ ದಿನ. ನಮ್ಮಲ್ಲಿ ಜೌಗು ಪ್ರದೇಶಗಳನ್ನು ಕಾಯುವ 2017ರ ನಿಯಮಗಳು ಹುಟ್ಟಿದ್ದು 1986ರ ಕಾಯ್ದೆಯ ಕೆಳಗೆ. ಆ ಕಾಯ್ದೆ ನಿಂತಿರುವುದು 253ರ ಮೇಲೆ. ಬೆಳಗಿನ ಪಾಠ ಸೇತುವೆ ಮೇಲೆ ಮತ್ತೆ ಸಿಕ್ಕಿತು, ಅಲ್ವಾ?

ರಾಮ್ಸಾರ್ ಅಂದ ಕೂಡಲೇ ಅಕ್ಕನ ಮಗಳ ಮುಖ ಸಣ್ಣದಾಯಿತು. ಕಳೆದ ತಿಂಗಳು ಒಂದು ಅಣಕು ಪರೀಕ್ಷೆಯಲ್ಲಿ ಕರ್ನಾಟಕದ ರಾಮ್ಸಾರ್ ತಾಣಗಳೆಷ್ಟು ಎಂದು ಕೇಳಿದ್ದರು. ಅವಳು ನಾಲ್ಕು ಎಂದು ಗುರುತು ಹಾಕಿದ್ದಳು. ಉತ್ತರಪಟ್ಟಿಯಲ್ಲಿ ಒಂದು ಎಂದಿತ್ತು. ಅಂಕವೂ ಹೋಯಿತು, ಋಣಾಂಕವೂ ಬಿತ್ತು. ಅವಳದ್ದೇ ಸರಿ. 2022ರಲ್ಲಿ ರಂಗನತಿಟ್ಟು ಒಂದೇ ಇತ್ತು. 2024ರ ಜನವರಿಯಲ್ಲಿ ಗದಗದ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ನಮ್ಮ ಅಘನಾಶಿನಿ ಅಳಿವೆ ಸೇರಿದವು. ಅವಳ ಹಳೆಯ ಗೈಡ್‌ನಲ್ಲಿ ವನ್ಯಜೀವಿ ಕಾಯ್ದೆಗೆ ಆರು ಅನುಸೂಚಿ ಎಂದೇ ಇದೆ. 2022ರ ತಿದ್ದುಪಡಿಯಿಂದ ಅವು ನಾಲ್ಕಾಗಿವೆ. ಒಂದು ಹುದ್ದೆಗಾಗಿ ವರ್ಷಗಟ್ಟಲೆ ಕೂತು ಓದುವ ಮಕ್ಕಳ ಕೈಗೆ ಹಳಸಿದ ಉತ್ತರ ಕೊಡುವುದು ನನಗೆ ನಿಜವಾಗಿಯೂ ಸಂಕಟ ತರುತ್ತದೆ. ಮುದ್ರಣದ ವರ್ಷ ನೋಡದೆ ಪುಸ್ತಕ ಕೊಳ್ಳಬೇಡಿ.

ವಾಪಸು ಬರುವಾಗ ನಾಲ್ವರಿಗೂ ಅಘನಾಶಿನಿಯ ಕಥೆ ಬೇಕಾಯಿತು. ಉಪ್ಪು ನೀರು ನುಗ್ಗುವ ಗಜನಿ ಗದ್ದೆಗಳು, ಆ ಉಪ್ಪನ್ನೂ ತಡೆದು ಬೆಳೆಯುವ ಕಗ್ಗ ಭತ್ತ, ಇಳಿತದಲ್ಲಿ ಚಿಪ್ಪು ಆರಿಸಲು ನೀರಿಗಿಳಿಯುವ ಹೆಂಗಸರು. ನಾನು ಬಿಟ್ಟು ಬಂದು ಇಪ್ಪತ್ತಾರು ವರ್ಷವಾದ ಊರನ್ನು ಅವಳು ನನಗಿಂತ ಚೆನ್ನಾಗಿ ಹೇಳಿದಳು. ನಾನು 2018ರ ಬಾಂಬೆ ಹೈಕೋರ್ಟ್ ತೀರ್ಪನ್ನು ಸೇರಿಸಿದೆ. ಕಾಂಡ್ಲಾ ನಾಶ ಮಾಡುವುದು 21ನೇ ವಿಧಿ ಕೊಟ್ಟ ಬದುಕಿನ ಹಕ್ಕಿಗೇ ಧಕ್ಕೆ ಎಂದ ತೀರ್ಪು ಅದು.

ರಾತ್ರಿ ಅವಳು ಊರಿಗೆ ಫೋನ್ ಮಾಡಿದಳು. "ಅಜ್ಜ, ನಮ್ಮ ಗಜನಿ ಕಟ್ಟೆ ಹತ್ತಿರದ ಕಾಂಡ್ಲಾ ಹಾಗೇ ಇದ್ಯಾ?"

ಅಪ್ಪನ ದನಿ ಸ್ಪೀಕರಿನಲ್ಲಿ ಕೇಳಿಸಿತು. "ಇದ್ಯಲ್ಲೇ. ಯಾಕೆ, ಪರೀಕ್ಷೆಲಿ ಅದನ್ನೂ ಕೇಳ್ತ್ರಾ?"