ಗಲ್ಲು ಬೇಡವೆನ್ನುವವರಿಗೆ ಎಲ್ಲರೂ ಕೇಳುವ ಪ್ರಶ್ನೆ

ಮರಣದಂಡನೆ ರದ್ದಾಗಬೇಕೆಂದು ನಾನು ಹೇಳಿದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: ‘ನಿಮ್ಮ ಮನೆಯವರಿಗೇ ಹೀಗಾಗಿದ್ದರೆ ಆಗಲೂ ಗಲ್ಲು ಬೇಡ ಎನ್ನುತ್ತಿದ್ದಿರಾ?’ ಬಹುಶಃ ಎನ್ನುತ್ತಿರಲಿಲ್ಲ. ನೇಣಿನ ಹಗ್ಗವನ್ನು ನನ್ನ ಕೈಗೇ ಕೊಡಿ ಎಂದೂ ಕೇಳುತ್ತಿದ್ದೆನೇನೋ. ಅಂಥ ಸಿಟ್ಟು ಸಹಜವಾದದ್ದೆಂದು ಬಲ್ಲ ಕಾರಣಕ್ಕೇ ಕಾನೂನು ನೊಂದವರನ್ನು ನ್ಯಾಯಾಧೀಶರ ಪೀಠದಲ್ಲಿ ಕೂರಿಸುವುದಿಲ್ಲ. ನನ್ನ ತಕರಾರು ಸಿಟ್ಟಿನ ಬಗ್ಗೆ ಅಲ್ಲ. ಯಾರು ಸಾಯಬೇಕು, ಯಾರು ಉಳಿಯಬೇಕು ಎಂಬುದನ್ನು ನಮ್ಮ ವ್ಯವಸ್ಥೆ ತೀರ್ಮಾನಿಸುವ ಬಗೆಯ ಕುರಿತು.

ನಮ್ಮ ರಾಜ್ಯದ್ದೇ ಪ್ರಕರಣ ನೋಡಿ. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಆಚೆ ಪಾಲಾರ್ ಬಳಿ ವೀರಪ್ಪನ್ ತಂಡ ಹುಗಿದಿಟ್ಟ ನೆಲಬಾಂಬುಗಳು ಸಿಡಿದು ಇಪ್ಪತ್ತೆರಡು ಮಂದಿ ಸತ್ತರು. ಭಯೋತ್ಪಾದನೆ ತಡೆಗೆಂದು ತಂದಿದ್ದ ಟಾಡಾ ಕಾಯ್ದೆಯಡಿ ವಿಚಾರಣೆ ನಡೆಸಿದ ಮೈಸೂರಿನ ನ್ಯಾಯಾಲಯ 2001ರಲ್ಲಿ ನಾಲ್ವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಮೇಲ್ಮನವಿ ಸಲ್ಲಿಸಿದರು. 2004ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಇಳಿಸುವ ಬದಲು ಗಲ್ಲು ಶಿಕ್ಷೆಯಾಗಿ ಹೆಚ್ಚಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕಡತದಲ್ಲೇ ಕೂತು 2013ರ ಫೆಬ್ರವರಿಯಲ್ಲಿ ತಿರಸ್ಕೃತವಾಯಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ಆ ನಾಲ್ವರು ಇನ್ನೇನು ನೇಣಿಗೇರುತ್ತಾರೆ ಎನ್ನುವಾಗ ತಡೆಯಾಜ್ಞೆ ಬಂತು. 2014ರ ಜನವರಿಯಲ್ಲಿ, ಅರ್ಜಿಯ ವಿಲೇವಾರಿ ಮಿತಿಮೀರಿ ತಡವಾಯಿತೆಂಬ ಕಾರಣಕ್ಕೆ ಅದೇ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಮತ್ತೆ ಜೀವಾವಧಿಗೆ ಇಳಿಸಿತು. ಅವರು ನಿರಪರಾಧಿಗಳೆಂದು ನಾನು ಹೇಳುತ್ತಿಲ್ಲ. ಅಪರಾಧ ಅದೇ, ಅಪರಾಧಿಗಳೂ ಅವರೇ ಆಗಿರುವಾಗ, ಬದುಕು–ಸಾವುಗಳ ನಡುವೆ ಹೀಗೆ ಹೊಯ್ದಾಡುವುದನ್ನು ನ್ಯಾಯದ ತೂಕವೆಂದು ಒಪ್ಪಲು ನನಗೆ ಕಷ್ಟವಾಗುತ್ತದೆ.

ತಪ್ಪೇ ಮಾಡದವರ ಗತಿ ಇನ್ನೂ ಘೋರ. 2003ರಲ್ಲಿ ನಾಸಿಕ್ ಬಳಿ ನಡೆದ ಕೊಲೆ ಮತ್ತು ಅತ್ಯಾಚಾರದ ಪ್ರಕರಣದಲ್ಲಿ ಅಲೆಮಾರಿ ಸಮುದಾಯದ ಆರು ಜನರಿಗೆ ಗಲ್ಲು ಶಿಕ್ಷೆಯಾಗಿತ್ತು. ಮೂವರ ಶಿಕ್ಷೆಯನ್ನು ಹೈಕೋರ್ಟ್ ಜೀವಾವಧಿಗೆ ಇಳಿಸಿದರೂ 2009ರಲ್ಲಿ ಸುಪ್ರೀಂ ಕೋರ್ಟ್ ಆರೂ ಜನರಿಗೆ ಗಲ್ಲೇ ಸರಿ ಎಂದಿತು. ಅವರಲ್ಲೊಬ್ಬ ಘಟನೆಯ ವೇಳೆಗೆ ಇನ್ನೂ ಬಾಲಕನಾಗಿದ್ದನೆಂಬುದು ಆಮೇಲೆ ಗೊತ್ತಾಯಿತು. ಪ್ರತ್ಯಕ್ಷ ಸಾಕ್ಷಿಯಾಗಿದ್ದ ಮಹಿಳೆ ಪೊಲೀಸರ ಫೋಟೊ ಆಲ್ಬಮ್ ನೋಡಿ ಗುರುತಿಸಿದ್ದು ಬೇರೆಯೇ ನಾಲ್ವರನ್ನು. ಆ ಜಾಡನ್ನು ಪೊಲೀಸರು ಹಿಡಿದು ಹೋಗಲೇ ಇಲ್ಲ. 2019ರಲ್ಲಿ, ಅಂದರೆ ಹದಿನಾರು ವರ್ಷಗಳ ನಂತರ, ಸುಪ್ರೀಂ ಕೋರ್ಟ್ ತನ್ನದೇ ತೀರ್ಪನ್ನು ಹಿಂಪಡೆದು ಆರೂ ಜನರನ್ನು ಖುಲಾಸೆ ಮಾಡಿ, ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಪರಿಹಾರ ತೆಗೆದುಕೊಳ್ಳಲು ಅವರು ಬದುಕಿದ್ದರು ಎನ್ನುವುದಷ್ಟೇ ಸಮಾಧಾನ.

ಹಾಗಾದರೆ ಕ್ರೂರಿಗಳನ್ನು ಬಿಟ್ಟುಬಿಡಬೇಕೇ ಎನ್ನುವವರಿಗೆ ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲೇ ಉತ್ತರವಿದೆ. ಹೆಂಡತಿಯನ್ನು ಕೊಂದು ಮನೆಯ ಅಂಗಳದಲ್ಲೇ ಹೂತಿದ್ದ ಆತನಿಗೆ ಯಾವ ಶಿಕ್ಷೆ ಎಂಬುದರಲ್ಲಿ ಇಬ್ಬರು ನ್ಯಾಯಮೂರ್ತಿಗಳಿಗೆ ಒಮ್ಮತವಾಗದೆ, ಒಬ್ಬರು ಗಲ್ಲು ಎಂದರು, ಇನ್ನೊಬ್ಬರು ಜೀವಾವಧಿ ಎಂದರು. 2008ರಲ್ಲಿ ಮೂವರ ಪೀಠ ಉಸಿರಿರುವವರೆಗೂ ಬಿಡುಗಡೆಯಿಲ್ಲದ ಸೆರೆವಾಸ ವಿಧಿಸಿತು. ಸಮಾಜದ ರಕ್ಷಣೆಗೆ ಅಷ್ಟು ಸಾಕು, ಮುಂದೆಂದಾದರೂ ತಪ್ಪು ಬಯಲಾದರೆ ತಿದ್ದುವುದಕ್ಕೂ ಅವಕಾಶ ಉಳಿಯುತ್ತದೆ.

ಕಾನೂನು ಆಯೋಗ 2015ರ ವರದಿಯಲ್ಲಿ ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಸಮರ ಸಾರುವ ಅಪರಾಧಗಳನ್ನು ಹೊರತುಪಡಿಸಿ ಉಳಿದೆಲ್ಲಕ್ಕೂ ಗಲ್ಲು ರದ್ದಾಗಲಿ ಎಂದು ಶಿಫಾರಸು ಮಾಡಿತು. ಆ ವಿನಾಯಿತಿಯನ್ನು ಮಾತ್ರ ನಾನು ಒಪ್ಪಲಾರೆ. ಯಾರನ್ನಾದರೂ ಬೇಗ ಹಿಡಿದು ತೋರಿಸಬೇಕೆಂಬ ಒತ್ತಡ ತನಿಖಾಧಿಕಾರಿಗಳ ಮೇಲೆ ಅತಿ ಹೆಚ್ಚಾಗಿರುವುದು ಅಂಥ ಪ್ರಕರಣಗಳಲ್ಲೇ. ಪಾಲಾರ್ ವಿಚಾರಣೆ ನಡೆದ ಟಾಡಾ ಕಾಯ್ದೆಯಡಿ, ಸಾಮಾನ್ಯ ಕಾನೂನು ಒಪ್ಪದ ಸಂಗತಿಯೊಂದಕ್ಕೆ ಮಾನ್ಯತೆ ಇತ್ತು: ಎಸ್‌ಪಿ ದರ್ಜೆಯ ಪೊಲೀಸ್ ಅಧಿಕಾರಿಯ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತಿತ್ತು.