ಕೆಂಪು ರಾಶಿಯ ಪಕ್ಕದಲ್ಲಿ ಕುಳಿತವರು

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕೆಟ್ಟ ಫೋಟೊ ತೆಗೆಯುವುದೇ ಕಷ್ಟ. ಸುಗ್ಗಿ ಏರಿದ ಮೇಲೆ ಒಂದು ಸೋಮವಾರವೋ ಗುರುವಾರವೋ ಬೆಳಿಗ್ಗೆ ಅಲ್ಲಿ ನಿಂತು ಮೊಬೈಲ್ ಎತ್ತಿ ಹಿಡಿದರೆ ಸಾಕು, ಚೌಕಟ್ಟು ತಾನಾಗಿಯೇ ತುಂಬಿಕೊಳ್ಳುತ್ತದೆ. ಒಂದೇ ದಿನ ಲಕ್ಷಕ್ಕೂ ಹೆಚ್ಚು ಚೀಲ ಬಂದಿಳಿಯುವ ಪೇಟೆ ಅದು. ಹಾವೇರಿ, ಧಾರವಾಡ, ಗದಗ, ಬಳ್ಳಾರಿ, ರಾಯಚೂರು ಕಡೆಯಿಂದ, ಆಂಧ್ರದಿಂದ ಕೂಡ, ರಾತ್ರಿಯಿಡೀ ಲಾರಿಗಳು ಬರುತ್ತಲೇ ಇರುತ್ತವೆ. ಬೆಳಕು ಹರಿಯುವಷ್ಟರಲ್ಲಿ ದಲಾಲಿ ಅಂಗಡಿಗಳ ಮುಂದೆ ಚೀಲಗಳ ಬಾಯಿ ಬಿಚ್ಚಿರುತ್ತದೆ. ಖರೀದಿದಾರರು ಕಾಯಿಯನ್ನು ಮುರಿದು, ಮೂಸಿ, ಬಣ್ಣ ನೋಡಿ ಟೆಂಡರಿಗೆ ಲೆಕ್ಕ ಹಾಕುತ್ತ ಸಾಲು ಸಾಲು ದಾಟುತ್ತಾರೆ. ಎತ್ತ ತಿರುಗಿದರೂ ಕೆಂಪು.

ಈ ಕೆಂಪಿನ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಕ್ಯಾಲೆಂಡರಿನಲ್ಲಿ, ಪ್ರವಾಸದ ಪುಸ್ತಿಕೆಗಳಲ್ಲಿ, ಮಸಾಲೆ ಪೊಟ್ಟಣಗಳ ಮೇಲೆ. ನೋಡಿದವರ ಬಾಯಲ್ಲಿ ಬರುವುದು ಒಂದೇ ಮಾತು, ‘ಎಷ್ಟು ಚೆಂದ’. ನಮ್ಮಲ್ಲಿ ಕೆಂಪೆಂದರೆ ಕುಂಕುಮ, ಮದುವೆ, ಸುಗ್ಗಿ, ಸಮೃದ್ಧಿ. ಹೀಗಾಗಿ ಆ ಬಣ್ಣ ಚೌಕಟ್ಟಿನ ತುಂಬ ಬಂದ ಕೂಡಲೇ ಚಿತ್ರ ತನ್ನ ವಾದವನ್ನು ಮಂಡಿಸಿಯಾಗಿರುತ್ತದೆ: ಇಲ್ಲಿ ಎಲ್ಲವೂ ತುಂಬಿ ತುಳುಕುತ್ತಿದೆ, ಎಲ್ಲರೂ ಸುಖವಾಗಿದ್ದಾರೆ. ಆ ರಾಶಿಗೆ ಅಂದು ಎಷ್ಟು ಬೆಲೆ ಬಂತು ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ. 2024ರ ಮಾರ್ಚ್ 11ರಂದು ದರ ಕುಸಿದು ರೈತರ ಸಿಟ್ಟು ಕಟ್ಟೆಯೊಡೆದಾಗ ಇದೇ ಪ್ರಾಂಗಣದ ಬೇರೆಯೇ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು, ಹೊಗೆ ಮತ್ತು ಸುಟ್ಟು ಕರಕಲಾದ ವಾಹನಗಳು. ಅವನ್ನು ನೋಡಿದ ಮೇಲೆ ಕ್ಯಾಲೆಂಡರಿನ ಕೆಂಪನ್ನು ಮೊದಲಿನಂತೆ ನೋಡುವುದು ನನ್ನಿಂದಾಗಲಿಲ್ಲ.

ಗೆಳತಿಯರು ಸೇರಿ ದುಡಿಯುವ ಹೆಂಗಸರ ಬಗ್ಗೆ ಒಂದು ಸಣ್ಣ ಛಾಯಾಚಿತ್ರ ಪ್ರದರ್ಶನ ಮಾಡಬೇಕೆಂದುಕೊಂಡಾಗ ನಾನು ಬ್ಯಾಡಗಿಯನ್ನು ಕೇಳಿ ಪಡೆದುಕೊಂಡೆ. ನನಗೆ ಬೇಕಾಗಿದ್ದದ್ದು ರಾಶಿಯಲ್ಲ, ರಾಶಿಯ ಪಕ್ಕದಲ್ಲಿ ಕುಳಿತು ತೊಟ್ಟು ಬಿಡಿಸುವವರು. ಮಾರುಕಟ್ಟೆಯಲ್ಲಿ ಕೊಂಡ ಕಾಯಿ ಪುಡಿಯಾಗುವ ಮೊದಲು ತೊಟ್ಟು ಕಳೆದುಕೊಳ್ಳಬೇಕು. ಆ ಕೆಲಸ ಊರಿನ ಗೋದಾಮುಗಳಲ್ಲಿ, ಅಂಗಳಗಳಲ್ಲಿ ಹೆಂಗಸರ ಕೈಯಲ್ಲಿ ನಡೆಯುತ್ತದೆ. ಕೂಲಿ ಕಿಲೋ ಲೆಕ್ಕದಲ್ಲಿ.

ಅಂದು ಬೆಳಿಗ್ಗೆ ಮೊದಲು ಮಾರುಕಟ್ಟೆಯೊಳಗೇ ಸ್ವಲ್ಪ ಹೊತ್ತು ಕಳೆದೆ. ಕೆಂಪಿನ ಜೊತೆ ಕ್ಯಾಮೆರಾಕ್ಕೂ ಒಂದು ತಕರಾರಿದೆ, ಅದನ್ನು ಹೇಳಲೇಬೇಕು. ಬಿಸಿಲು ಏರಿದರೆ ಡಿಜಿಟಲ್ ಸಂವೇದಕದಲ್ಲಿ ಕೆಂಪಿನ ಪಾಲು ಮಾತ್ರ ಮಿತಿ ಮೀರುತ್ತದೆ, ಹಸಿರು ಮತ್ತು ನೀಲಿಯ ಪಾಲಿನಲ್ಲಿ ಹೆಚ್ಚೇನೂ ಇರುವುದಿಲ್ಲ. ಒಟ್ಟು ಬೆಳಕಿನ ಅಳತೆ ಸರಿಯಿದೆ ಎಂದು ಪರದೆ ತೋರಿಸುತ್ತಿದ್ದರೂ ಕಾಯಿಯ ಮೈಮೇಲಿನ ಗೆರೆಗಳೆಲ್ಲ ಅಳಿಸಿಹೋಗಿರುತ್ತವೆ. ಬ್ಯಾಡಗಿ ಮೆಣಸಿನಕಾಯಿಯ ಗುರುತೇ ಅದರ ಸುಕ್ಕು. ಡಬ್ಬಿ ತಳಿಯ ಕಾಯಿಯನ್ನು ಅಂಗೈಯಲ್ಲಿಟ್ಟು ನೋಡಿ: ಮೈತುಂಬ ಸುಕ್ಕು, ಒಂದೊಂದು ಮಡಿಕೆಯ ಅಂಚಿನಲ್ಲೂ ಕೂದಲೆಳೆಯಷ್ಟು ಹೊಳಪು, ಮಡಿಕೆಯ ಒಳಗೆ ಕಪ್ಪಿಗೆ ತಿರುಗಿದ ಕೆಂಪು. ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣಕ್ಕಾಗಿಯೇ ಇದಕ್ಕೆ ದೇಶವಿದೇಶಗಳಲ್ಲಿ ಬೇಡಿಕೆ, ಇದರಿಂದ ತೆಗೆದ ಬಣ್ಣ ತುಟಿಬಣ್ಣಕ್ಕೂ ಉಗುರುಬಣ್ಣಕ್ಕೂ ಸೇರುತ್ತದೆ. 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಸಿಕ್ಕಿದೆ. ಇಷ್ಟೆಲ್ಲ ಹೆಸರು ಮಾಡಿದ ಕಾಯಿ ಚಿತ್ರದಲ್ಲಿ ಬರೀ ಒಂದು ಕೆಂಪು ಮಚ್ಚೆಯಾಗಿ ಬರುವುದು ಅನ್ಯಾಯ. ಬೆಳಕನ್ನು ಒಂದು ಹಂತ ಕಡಿಮೆ ಮಾಡಿ, ಓರೆ ಬಿಸಿಲಿರುವಾಗಲೇ ತೆಗೆದರೆ ಸುಕ್ಕು ಉಳಿಯುತ್ತದೆ. ಹಾಗೆಯೇ ತೆಗೆದೆ. ಚಿತ್ರಗಳು ಚೆನ್ನಾಗಿಯೇ ಬಂದವು, ಆದರೆ ಅವು ಹೇಳುತ್ತಿದ್ದದ್ದು ಕಾಯಿಯ ಕಥೆ.

ಪರಿಚಯದವರೊಬ್ಬರು ಕರೆದುಕೊಂಡು ಹೋದ ಗೋದಾಮು ಮಾರುಕಟ್ಟೆಯಿಂದ ಸ್ವಲ್ಪ ದೂರದ ಓಣಿಯಲ್ಲಿತ್ತು. ಬಾಗಿಲಲ್ಲಿ ಕಾಲಿಡುತ್ತಿದ್ದಂತೆ ಘಾಟು ಮೂಗಿಗೆ ಅಡರಿತು. ಸೀನು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಸುರಿಯತೊಡಗಿತು, ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟರೆ ಏನೂ ಕಾಣಿಸುತ್ತಿರಲಿಲ್ಲ. ತಾಡಪಾಲಿನ ಮೇಲೆ ಕುಳಿತಿದ್ದ ಹೆಂಗಸರು ನಕ್ಕರು. ಅವರಲ್ಲಿ ಹಿರಿಯಳಾಗಿದ್ದವಳು, ‘ಸ್ವಲ್ಪ ಹೊತ್ತು ಹೊರಗೆ ನಿಂತು ಬಾ ತಂಗಿ. ಮೊದಲ ದಿನ ಎಲ್ಲರಿಗೂ ಹೀಗೆಯೇ’ ಎಂದಳು. ನಾನು ಹೊರಗೆ ನಿಂತು ಮುಖ ತೊಳೆದು ಮತ್ತೆ ಒಳಗೆ ಹೋದೆ. ಅವರು ಸೆರಗನ್ನು ಮೂಗಿನವರೆಗೆ ಎಳೆದು ಹಿಂದಕ್ಕೆ ಕಟ್ಟಿಕೊಂಡಿದ್ದರು. ಎಡಗೈ ರಾಶಿಯಿಂದ ಕಾಯಿ ಹಿಡಿಯುತ್ತಿತ್ತು, ಬಲಗೈ ಹೆಬ್ಬೆರಳಿನ ಉಗುರು ತೊಟ್ಟನ್ನು ಚಿಟಿಕೆಯಷ್ಟು ಹೊತ್ತಿನಲ್ಲಿ ಎಬ್ಬಿಸುತ್ತಿತ್ತು. ಕಾಯಿ ಒಂದು ಕಡೆ, ತೊಟ್ಟು ಒಂದು ಕಡೆ. ಮಾತು ನಡೆದೇ ಇತ್ತು, ಕೈ ಮಾತ್ರ ನಿಲ್ಲಲಿಲ್ಲ.

ಈ ಘಾಟನ್ನು ಚಿತ್ರದಲ್ಲಿ ಹೇಗೆ ತರುವುದು? ಫೋಟೊಕ್ಕೆ ವಾಸನೆಯಿಲ್ಲ, ಕೆಮ್ಮು ಕೇಳಿಸುವುದಿಲ್ಲ. ಅದಕ್ಕಿರುವುದು ಬೆಳಕು, ಬಣ್ಣ, ದೂರ, ಕೋನ, ಏನನ್ನು ಒಳಗಿಟ್ಟು ಏನನ್ನು ಹೊರಗಿಡಬೇಕು ಎಂಬ ತೀರ್ಮಾನ, ಇಷ್ಟೇ. ಬಾಗಿಲಿನಿಂದ ಓರೆಯಾಗಿ ಬೀಳುತ್ತಿದ್ದ ಬಿಸಿಲಿನಲ್ಲಿ ಧೂಳು ತೇಲುವುದು ಕಂಡಿತು. ಬೆಳಕಿಗೆ ಎದುರಾಗಿ ಕುಳಿತು ತೆಗೆದಾಗ ಹೆಂಗಸರ ತಲೆಯ ಸುತ್ತ ಧೂಳಿನ ಪರದೆ ಬಂತು. ಅದರಲ್ಲಿ ಸ್ವಲ್ಪ ಘಾಟಿದೆ ಎನ್ನಿಸಿತು. ಆದರೂ ರಾಶಿಯ ಕೆಂಪು ಕಣ್ಣನ್ನು ತನ್ನ ಕಡೆಗೇ ಎಳೆಯುತ್ತಿತ್ತು.

ಕೆಂಪನ್ನೇ ತೆಗೆದುಬಿಟ್ಟರೆ? ಕ್ಯಾಮೆರಾವನ್ನು ಕಪ್ಪು ಬಿಳುಪಿಗೆ ತಿರುಗಿಸಿದೆ. ಕಪ್ಪು ಬಿಳುಪೆಂದರೆ ಸಾಚಾತನ ಎಂದು ನಂಬುವವರಿದ್ದಾರೆ. ಅಲ್ಲಿ ಆದದ್ದನ್ನು ಕೇಳಿ. ಕಪ್ಪು ಬಿಳುಪಿನಲ್ಲಿ ಕೆಂಪು ಫಿಲ್ಟರ್ ಆಯ್ದುಕೊಂಡರೆ ಕೆಂಪು ವಸ್ತು ಬೆಳ್ಳಗಾಗುತ್ತದೆ. ಹೆಂಗಸರು ಹತ್ತಿ ಬಿಡಿಸುತ್ತ ಕುಳಿತವರಂತೆ ಕಂಡರು. ಹಸಿರು ಫಿಲ್ಟರಿಗೆ ಬದಲಿಸಿದರೆ ಅದೇ ಕೆಂಪು ಕಪ್ಪಾಗುತ್ತದೆ; ಅದೇ ಹೆಂಗಸರು ಈಗ ಕಲ್ಲಿದ್ದಲಿನ ಗುಡ್ಡೆಯ ಮುಂದೆ ಕುಳಿತಿದ್ದರು. ಹಿಂದೆ ಕೆಂಪಿಗೆ ಸ್ಪಂದಿಸದ ಹಳೆಯ ಫಿಲ್ಮುಗಳೂ ಕೆಂಪನ್ನು ಹೀಗೆಯೇ ಕಪ್ಪಾಗಿಸುತ್ತಿದ್ದವು. ಸ್ಥಳ ಒಂದೇ, ಗಳಿಗೆ ಒಂದೇ, ಒಂದು ಗುಂಡಿ ಒತ್ತುವಷ್ಟರಲ್ಲಿ ಒಂದು ಚಿತ್ರ ಹಗುರಾದ ಕೆಲಸದ್ದು, ಇನ್ನೊಂದು ನರಕದ್ದು. ಎರಡನೆಯದು ನನ್ನ ಉದ್ದೇಶಕ್ಕೆ ತಕ್ಕಂತಿತ್ತು. ನೋಡಿದವರ ಎದೆ ಝಲ್ಲೆನ್ನುವುದು ಖಂಡಿತ. ಆದರೆ ಆ ಗೋದಾಮು ನರಕವಾಗಿರಲಿಲ್ಲ. ಅಲ್ಲಿ ಉರಿಯಿತ್ತು, ದುಡಿಮೆಯಿತ್ತು, ಜೊತೆಗೆ ಯಾರದೋ ಮಗಳ ನಿಶ್ಚಿತಾರ್ಥದ ಮಾತೂ ನಗುವೂ ಇತ್ತು. ನೋಡುಗರ ಮರುಕವನ್ನು ಹೀಗೆ ಸುಲಭದಲ್ಲಿ ಗಿಟ್ಟಿಸಿಕೊಳ್ಳುವುದು ನನಗೆ ಒಪ್ಪಿಗೆಯಾಗಲಿಲ್ಲ.

ಹಾಗಾಗಿ ಹತ್ತಿರ ಹೋದೆ. ಹಿರಿಯ ಹೆಂಗಸಿನ ಕೈಗಳ ಮೇಲೆ ಲೆನ್ಸ್ ನೆಟ್ಟೆ. ಹೆಬ್ಬೆರಳಿಗೆ ಹಳೆಯ ಸೀರೆಯ ಚಿಂದಿ ಸುತ್ತಿಕೊಂಡಿದ್ದಳು. ಚಿಂದಿಯ ಮೂಲ ಬಣ್ಣ ಹಸಿರಿದ್ದಿರಬೇಕು, ಈಗ ಅದು ಅಂಚಿನಲ್ಲಿ ಮಾತ್ರ ಉಳಿದಿತ್ತು. ಉಗುರಿನ ತುದಿ ಸೀಳಿತ್ತು, ಸೀಳಿನೊಳಗೆ ಕೆಂಪು ಪುಡಿ ಕುಳಿತಿತ್ತು. ಬೆರಳ ಸಂದಿಯ ಗೆರೆಗಳಲ್ಲಿ ಕೂಡ. ಅವಳು ಸುಮ್ಮನೆ ನೋಡುತ್ತಿದ್ದವಳು ಕೊನೆಗೆ ಕೇಳಿಯೇಬಿಟ್ಟಳು, ‘ಕೈಯನ್ನಷ್ಟೇ ಏಕೆ ತೆಗೆಯುತ್ತೀಯ ತಂಗಿ? ಇದನ್ನು ನೋಡಿದರೆ ನನ್ನ ಮಗನಿಗೂ ಇದು ಯಾರ ಕೈ ಎಂದು ತಿಳಿಯುವುದಿಲ್ಲ.’

ದುಡಿಯುವವರ ಚಿತ್ರವೆಂದರೆ ಕೈ, ಒಡೆದ ಹಿಮ್ಮಡಿ, ಬೆವರಿನ ಬೆನ್ನು ಎಂಬ ರೂಢಿ ನಮ್ಮಲ್ಲಿ ಬಲವಾಗಿದೆ. ಅದಕ್ಕೆ ಶಕ್ತಿಯೂ ಇದೆ. ಕೈಯೊಂದು ಸಾವಿರ ಕೈಗಳ ಪರವಾಗಿ ನಿಲ್ಲುತ್ತದೆ, ನಿಜ. ಆದರೆ ಹಾಗೆ ನಿಲ್ಲಿಸುವಾಗ ಆ ಕೈಯವಳನ್ನು ಕಳೆದುಕೊಳ್ಳುತ್ತೇವೆ. ನನಗೆ ಆಗ ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ತೆಗೆದ ‘ವಲಸೆ ತಾಯಿ’ ಚಿತ್ರ ನೆನಪಾಯಿತು. ಡೇರೆಯ ಎದುರು ಮಕ್ಕಳೊಂದಿಗೆ ಕುಳಿತ ತಾಯಿಯನ್ನು ಲಾಂಗ್ ಮೊದಲು ದೂರದಿಂದ, ಮತ್ತೆ ಹತ್ತಿರ ಹತ್ತಿರ ಹೋಗಿ ತೆಗೆದರು. ಕೊನೆಯ ಚಿತ್ರದಲ್ಲಿ ಮಕ್ಕಳು ಮುಖ ತಿರುಗಿಸಿದ್ದಾರೆ, ತಾಯಿಯ ಕೈ ಕೆನ್ನೆಯ ಬಳಿ ಇದೆ, ಡೇರೆ ಸಾಮಾನುಗಳೆಲ್ಲ ಹೊರಗುಳಿದಿವೆ. ಮೂಲೆಯಲ್ಲಿ ಕಂಬ ಹಿಡಿದಿದ್ದ ಒಂದು ಹೆಬ್ಬೆರಳು ಕಣ್ಣಿಗೆ ಅಡ್ಡವಾಗುತ್ತದೆಂದು ಆಮೇಲೆ ಅದನ್ನೂ ಅಳಿಸಲಾಯಿತು. ಬರಗಾಲದ, ಮಹಾ ಆರ್ಥಿಕ ಕುಸಿತದ ದಿನಗಳ ಅಮೆರಿಕಕ್ಕೆ ಆ ಮುಖವೇ ಗುರುತಾಯಿತು. ಆದರೆ ಲಾಂಗ್ ಆಕೆಯ ಹೆಸರು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆಕೆ ಯಾರೆಂದು ಲೋಕಕ್ಕೆ ತಿಳಿದದ್ದು 1978ರಲ್ಲಿ, ಆ ಚಿತ್ರದಿಂದ ತನಗೊಂದು ಕಾಸೂ ಬರಲಿಲ್ಲವೆಂಬ ನೋವು ಆಕೆಯಲ್ಲಿತ್ತು. ಎಂಥ ದೊಡ್ಡ ಚಿತ್ರವಾದರೂ ಈ ಲೆಕ್ಕ ಬಾಕಿ ಉಳಿಯುತ್ತದೆ.

ನಮ್ಮವರೇ ಆದ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಮಕ್ಕಳ ಚಿತ್ರಗಳೂ ನೆನಪಾದವು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಅವನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿಸಿತ್ತು. ನಾನು ನೋಡಿದ ಅವರ ಚಿತ್ರಗಳಲ್ಲಿ ಬಡತನ ಮುಚ್ಚಿಟ್ಟಿಲ್ಲ, ಆದರೆ ಮಗು ಮೊದಲು ಮಗುವಾಗಿಯೇ ಕಾಣುತ್ತದೆ. ನೋಡುವವರನ್ನು ಕರುಣೆಗಾಗಿ ಬೇಡುವುದಿಲ್ಲ. ಆ ಸಭ್ಯತೆ ನನಗೆ ಯಾವಾಗಲೂ ದೊಡ್ಡ ಕಲೆಯಾಗಿಯೇ ಕಂಡಿದೆ.

ನಾನು ಕ್ಯಾಮೆರಾ ಕೆಳಗಿಟ್ಟು ಅವರ ಜೊತೆ ಕುಳಿತೆ. ತೊಟ್ಟು ಬಿಡಿಸಲು ಕೈ ಹಾಕಿದಾಗ ಹಿರಿಯಳು ತಡೆದಳು. ರಾತ್ರಿಯೆಲ್ಲ ಕೈ ಉರಿಯುತ್ತದೆ, ಕಣ್ಣಿಗೆ ಮುಟ್ಟಿಕೊಂಡರೆ ಇನ್ನೂ ಕಷ್ಟ ಎಂದಳು. ಕೆಲಸ ಮುಗಿಸಿ ಎಣ್ಣೆ ಹಚ್ಚಿ ತೊಳೆದರೂ ಉರಿ ಪೂರ್ತಿ ಹೋಗುವುದಿಲ್ಲವಂತೆ. ಚಹಾ ಬಂತು. ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ಆಡುತ್ತಿದ್ದ ಒಂದು ಮಗು ಅಳುತ್ತ ಬಾಗಿಲಿಗೆ ಬಂತು. ಎಲ್ಲೋ ಬಿದ್ದಿತ್ತು. ತಾಯಿ ಎದ್ದು ಹೊಸ್ತಿಲಿಗೆ ಹೋಗಿ ಕುಳಿತಳು, ಮೂಗಿನ ಮೇಲಿನ ಸೆರಗನ್ನು ಭುಜಕ್ಕೆ ಉಜ್ಜಿ ಕೆಳಗೆ ಸರಿಸಿಕೊಂಡಳು. ಮಗುವಿನ ಕಣ್ಣೀರು ಒರೆಸಬೇಕು, ಮುಂದೆ ಬಿದ್ದ ಕೂದಲು ಸರಿಸಬೇಕು. ಅವಳು ಎರಡೂ ಕೈಗಳ ಬೆರಳುಗಳನ್ನು ಅಗಲಿಸಿ ಮಗುವಿನಿಂದ ಆದಷ್ಟು ದೂರಕ್ಕೆ ಹಿಡಿದಳು. ಮೊಣಕೈಯ ಒಳಬದಿಯಿಂದ ಅದರ ಕೆನ್ನೆ ಒರೆಸಿದಳು. ಮುಂಗೈಯಿಂದ ಕೂದಲು ಹಿಂದಕ್ಕೆ ತಳ್ಳಿದಳು. ಮಗುವಿಗೆ ಇದು ರೂಢಿಯೇ ಆಗಿತ್ತು. ಕೈ ಹಿಡಿಯಲು ಹೋಗದೆ ಅವಳ ಮೊಣಕೈಗೆ ತಲೆ ಒತ್ತಿತು.

ಕ್ಯಾಮೆರಾ ಎತ್ತಿಕೊಂಡು, ತೆಗೆಯಲೇ ಎಂದು ಕಣ್ಣಿನಲ್ಲಿಯೇ ಕೇಳಿದೆ. ಅವಳು ತಲೆಯಾಡಿಸಿದಳು. ನೆಲಕ್ಕೆ ಕುಳಿತು, ಮಗುವಿನ ಎತ್ತರದಿಂದ ತೆಗೆದೆ. ಮೇಲಿನಿಂದ ನೋಡಿದರೆ ಅವರಿಬ್ಬರೂ ಚಿಕ್ಕವರಾಗುತ್ತಿದ್ದರು. ಮುಖ, ಮಗು, ಗಾಳಿಯಲ್ಲಿ ನಿಂತ ಹತ್ತು ಬೆರಳು, ಕೆಳ ಅಂಚಿನಲ್ಲಿ ತಾಡಪಾಲಿನಿಂದ ಉರುಳಿ ಬಂದ ಒಂದೆರಡು ಕಾಯಿ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಆ ಚಿತ್ರವನ್ನು ಕಪ್ಪು ಬಿಳುಪಿಗೂ ಬದಲಿಸಿ ನೋಡಿದೆ. ನಿಲ್ಲಲಿಲ್ಲ. ಬೆರಳುಗಳು ಏಕೆ ದೂರವಿವೆ ಎಂಬುದೇ ಅರ್ಥವಾಗದೆ ಹೋಯಿತು. ಬೆರಳ ತುದಿಯ ಕೆಂಪು ಕಂಡರೆ ಮಾತ್ರ ಆ ಹಿಂಜರಿಕೆಗೆ ಅರ್ಥ. ಇಡೀ ದಿನ ನಾನು ಯಾವುದನ್ನು ಹಿಂದಕ್ಕೆ ತಳ್ಳಲು ನೋಡಿದ್ದೆನೋ ಆ ಬಣ್ಣ ಇಲ್ಲಿ ಬೇಕೇಬೇಕಿತ್ತು, ಆದರೆ ಬೆರಳ ತುದಿಯಷ್ಟು ಸಾಕಿತ್ತು. ರಾಶಿಯ ಕೆಂಪು ನಮ್ಮನ್ನು ಹಿಗ್ಗಿಸುತ್ತದೆ. ಹತ್ತು ಬೆರಳುಗಳ ಕೆಂಪು ತಾಯಿ ತನ್ನ ಮಗುವನ್ನು ಮುಟ್ಟಲಾಗದ ಹೊತ್ತನ್ನು ಹೇಳುತ್ತದೆ. ಕಾಯಿ ಅದೇ, ಬಣ್ಣ ಅದೇ.

ಪ್ರದರ್ಶನದ ಆಮಂತ್ರಣಕ್ಕೆ ರಾಶಿಯ ಚಿತ್ರವೇ ಇರಲಿ, ಕಣ್ಣಿಗೆ ಹೊಡೆಯುತ್ತದೆ ಎಂದು ಗೆಳತಿಯರಲ್ಲಿ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ರಾಶಿಯ ಚಿತ್ರವನ್ನು ಕೈಬಿಡಲೂ ಇಲ್ಲ. ಗೋಡೆಯ ಮೇಲೆ ಅದನ್ನು ತಾಯಿ ಮಗುವಿನ ಚಿತ್ರದ ನಂತರ ತೂಗುಹಾಕಿದೆವು. ಅಷ್ಟು ಹೊತ್ತಿಗೆ ನೋಡುಗರು ಆ ಬೆರಳುಗಳನ್ನು ದಾಟಿ ಬಂದಿರುತ್ತಿದ್ದರು. ‘ಎಷ್ಟು ಚೆಂದ’ ಎನ್ನುವ ಮೊದಲು ಹಲವರು ತಡೆದು ನಿಂತು ಹಿಂದಿನ ಚಿತ್ರದತ್ತ ಮತ್ತೊಮ್ಮೆ ಕಣ್ಣು ಹಾಯಿಸಿದ್ದನ್ನು ನಾನು ಮೂಲೆಯಲ್ಲಿ ನಿಂತು ನೋಡಿದೆ.

ಪ್ರದರ್ಶನಕ್ಕೆ ಮೊದಲು ಮುದ್ರಿಸಿದ ಪ್ರತಿಗಳನ್ನು ತೆಗೆದುಕೊಂಡು ಗೋದಾಮಿಗೆ ಹೋಗಿದ್ದೆ. ತಾಯಿ ತನ್ನ ಪ್ರತಿಯನ್ನು ಮುಟ್ಟದೆ, ಪಕ್ಕದವಳಿಂದ ಹಿಡಿಸಿಕೊಂಡು ನೋಡಿದಳು. ಗೋಡೆಗೆ ಹಾಕಬಹುದು ಎಂದಳು, ಹೆಸರು ಬೇಡ ಎಂದಳು. ಹಿರಿಯಳಿಗೆ ಕೈಗಳ ಚಿತ್ರ ಬೇಡವಾಗಿತ್ತು. ಸಂಜೆ ಎಲ್ಲರೂ ಸೆರಗು ಸರಿಸಿ ಸಾಲಾಗಿ ನಿಂತು ತೆಗೆಸಿಕೊಂಡದ್ದನ್ನು ಆರಿಸಿಕೊಂಡಳು. ಅದರ ಕೆಳಗೆ ಏನು ಬರೆಯಲಿ ಅವ್ವಾ ಎಂದು ಕೇಳಿದೆ. ಆಕೆ ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದು ಹಾಕುತ್ತ, ‘ನಾವು ಮನೆಯ ಸಾರಿಗೆ ಹಾಕುವುದು ಈ ಕಾಯಿಯಲ್ಲ, ಇದು ನಮಗೆ ತುಟ್ಟಿ ಎಂದು ಬರೆ’ ಎಂದಳು. ಯಾವ ಬೆಳಕಿನಲ್ಲಿ, ಯಾವ ಕೋನದಿಂದ ತೆಗೆದರೂ ಆ ಮಾತು ಚಿತ್ರದಲ್ಲಿ ಬರುವಂಥದ್ದಾಗಿರಲಿಲ್ಲ. ಹೇಳಿದ ಹಾಗೆಯೇ ಅಚ್ಚು ಹಾಕಿಸಿದೆ.

ಮುಂದಿನ ಸುಗ್ಗಿಗೆ ಊರ ಸುತ್ತಲಿನ ಶೀತಲಗೃಹಗಳ ಒಳಗೆ ಹೋಗಿ ಹಮಾಲರ ಚಿತ್ರ ತೆಗೆಯಬೇಕೆಂದಿದ್ದೇನೆ. ಅಲ್ಲಿ ಬಿಸಿಲು ಇರುವುದಿಲ್ಲ, ಚೀಲ ಹೊಲಿದಿರುವುದರಿಂದ ಕೆಂಪೂ ಕಾಣುವುದಿಲ್ಲ. ಚಳಿಯನ್ನು ಹೇಗೆ ತೋರಿಸುವುದೆಂದು ಈಗಿನಿಂದಲೇ ಯೋಚಿಸುತ್ತಿದ್ದೇನೆ.