ಪರಕೀಯನ ಮಾತು

2025ರ ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣವಿತ್ತು. ಅಮ್ಮ ಸಂಜೆಯೇ ಹಾಲು ಮೊಸರಿನ ಪಾತ್ರೆಗಳ ಮೇಲೆ ದರ್ಭೆಯಿಟ್ಟು, "ಗ್ರಹಣದ ಹೊತ್ತಲ್ಲಿ ಹೊರಗೆ ನಿಲ್ಲಬೇಡ ಕಣೋ" ಎಂದು ಹೇಳಿ ಮಲಗಿದ್ದರು. ಹನ್ನೊಂದರ ಸುಮಾರಿಗೆ ನಾನು ಬಸವನಗುಡಿಯ ನಮ್ಮ ಮನೆಯ ತಾರಸಿ ಹತ್ತಿ, ಮೋಡ ಸರಿದಾಗಲೆಲ್ಲ ಕಾಣುತ್ತಿದ್ದ ತಾಮ್ರದ ಬಣ್ಣದ ಚಂದ್ರನನ್ನು ನೋಡುತ್ತ, ಬಹಳ ಕಾಲದಿಂದ ನನ್ನ ಜೊತೆಗಿರುವ ಬ್ಲ್ಯಾಕ್ ಮೆಟಲ್ ಎಂಬ ಒರಟು ರಾಕ್ ಸಂಗೀತದ ಒಂದು ಫಿನ್ನಿಶ್ ಆಲ್ಬಮ್ಮನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಆ ರಾತ್ರಿಗೆ ಅದನ್ನೇ ಆರಿಸಿಕೊಳ್ಳಲು ಕಾರಣ ಅದರಲ್ಲಿರುವ ‘ದಾಂಜೋನ್ ನೊಲ್ಲ’ ಎಂಬ ಹಾಡು.

ಗ್ರಹಣದ ವೇಳೆ ಚಂದ್ರ ಎಷ್ಟು ಕಪ್ಪಾಗುತ್ತಾನೆಂದು ಅಳೆಯಲು ಫ್ರಾನ್ಸಿನ ಖಗೋಳ ವಿಜ್ಞಾನಿ ಆಂದ್ರೆ ದಾಂಜೋ 1921ರಲ್ಲಿ ಒಂದು ಮಾನವನ್ನು ಸೂಚಿಸಿದರು. ಅದರಲ್ಲಿ 4 ಎಂದರೆ ಹೊಳೆಯುವ ಕಿತ್ತಳೆ, 0 ಎಂದರೆ ಚಂದ್ರ ಹೆಚ್ಚುಕಡಿಮೆ ಕಾಣದೇ ಹೋಗುವ ಸ್ಥಿತಿ. ಭೂಮಿಯ ವಾಯುಮಂಡಲದಲ್ಲಿ ಬಾಗಿ ಬರುವ ಬೆಳಕೇ ಗ್ರಹಣದ ಚಂದ್ರನಿಗೆ ಕೆಂಪು ಕೊಡುವುದರಿಂದ, ದೊಡ್ಡ ಜ್ವಾಲಾಮುಖಿ ಸಿಡಿದ ಮೇಲೆ ಆ ಕೆಂಪೂ ಅಡಗುತ್ತದೆ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟೂಬೊ ಸಿಡಿದ ನಂತರ, 1992ರ ಡಿಸೆಂಬರಿನ ಗ್ರಹಣ ಹಾಗೆಯೇ ಕಪ್ಪಾಗಿತ್ತು. ಫಿನ್ನಿಶ್‌ನಲ್ಲಿ ‘ನೊಲ್ಲ’ ಎಂದರೆ ಸೊನ್ನೆ. ಕತ್ತಲನ್ನು ಹಾಡುವುದೇ ಕಸುಬಾಗಿರುವ ಸಂಗೀತದಲ್ಲಿ, ಕತ್ತಲಿಗೆ ದೆವ್ವದ ಹೆಸರಿನ ಬದಲು ಅಳತೆಯ ಹೆಸರಿಟ್ಟ ತಂಡವೆಂಬ ಕಾರಣಕ್ಕೇ ನನಗೆ ಇವರ ಮೇಲೆ ಮೊದಲು ಗೌರವ ಹುಟ್ಟಿತು.

ತಂಡದ ಹೆಸರು ಒರಾನ್ಸಿ ಪಜೂಜು. ಊರು ಫಿನ್ಲೆಂಡಿನ ಟಾಂಪೆರೆ, ಎರಡು ಸರೋವರಗಳ ನಡುವೆ ಹತ್ತಿ ಗಿರಣಿಗಳಿಂದ ಬೆಳೆದ ಪಟ್ಟಣ. 2007ರಲ್ಲಿ ಕೂಡಿದ ಇವರ ಮೊದಲ ಆಲ್ಬಂ ‘ಮೂಕಲೈನೆನ್ ಪುಹೂ’ 2009ರಲ್ಲಿ ಬಂತು; ಆ ರಾತ್ರಿ ನಾನು ಕೇಳಿದ್ದು ಅದನ್ನೇ. ಪರಕೀಯನು ಮಾತಾಡುತ್ತಾನೆ ಎಂದು ಅದರ ಅರ್ಥ. ‘ಒರಾನ್ಸಿ’ ಕಿತ್ತಳೆ ಬಣ್ಣ. ಪಜೂಜು ಮೆಸೊಪೊಟೇಮಿಯದ ಗಾಳಿಯ ಪಿಶಾಚಿ. ಅವನು ಭಯಂಕರನಾದರೂ, ಬಾಣಂತಿಯರನ್ನೂ ಶಿಶುಗಳನ್ನೂ ಕಾಡುವ ಲಮಶ್ತು ಎಂಬವಳನ್ನು ಓಡಿಸಲೆಂದು ಜನ ಅವನ ತಲೆಯ ತಾಯಿತವನ್ನೇ ಕಟ್ಟಿಕೊಳ್ಳುತ್ತಿದ್ದರು. ನಮ್ಮ ಬೀದಿಯಲ್ಲಿ ಕಟ್ಟುತ್ತಿರುವ ಪ್ರತಿ ಮನೆಯ ಮುಂದೆ ನಾಲಗೆ ಚಾಚಿ ತೂಗುವ ದೃಷ್ಟಿಗೊಂಬೆಯ ಕೆಲಸವೂ ಇದೇ.

ಬ್ಲ್ಯಾಕ್ ಮೆಟಲ್ ಎಂದರೆ ಸಾಮಾನ್ಯವಾಗಿ ಉಸಿರು ಬಿಡದ ಡ್ರಮ್, ಜೇನುಗೂಡು ಕೆದಕಿದಂತಹ ಗಿಟಾರ್, ಅದರ ಮೇಲೊಂದು ಚೀರು. ಇಲ್ಲಿ ಚೀರು ಹಾಗೆಯೇ ಇದೆ, ಗಿಟಾರಿನ ಒರಟೂ ಇದೆ. ಆದರೆ ಹಾಡನ್ನು ಹೊತ್ತು ನಡೆಯುವುದು ಬಹಳಷ್ಟು ಕಡೆ ಮಂದ್ರಸ್ವರದ ಬಾಸ್ ಗಿಟಾರ್. ಒಂದೇ ಸಣ್ಣ ಸ್ವರಗುಚ್ಛವನ್ನು ಅದು ಬಿಡದೆ ಸುತ್ತುತ್ತಿರಲು, ಕೀಬೋರ್ಡ್ ದೂರದ ರೇಡಿಯೋ ಸಂಕೇತದಂತೆ ಮೇಲೆ ತೇಲುತ್ತ, ಕೇಳುವವನಿಗೆ ಹಾಡು ಮುಂದಕ್ಕೆ ಹೋಗುತ್ತಿದೆಯೋ ನಿಂತಲ್ಲೇ ಆಳಕ್ಕಿಳಿಯುತ್ತಿದೆಯೋ ಎಂಬುದು ತಿಳಿಯದಂತಾಗುತ್ತದೆ. ರೆಗೆ ಹಾಡುಗಳಿಗೆ ಪ್ರತಿಧ್ವನಿ ಬೆರೆಸಿ ಮರುರೂಪಿಸುವ ಜಮೈಕಾದ ಡಬ್ ಸಂಗೀತದ ಹೆಸರನ್ನು ಹೊತ್ತ ಹಾಡೂ ಈ ಆಲ್ಬಮ್ಮಿನಲ್ಲಿದೆ. 2016ರ ‘ವಾರಾಹ್ತೆಲಿಯಾ’ ಹೊತ್ತಿಗೆ ಈ ಎಲ್ಲ ಧಾತುಗಳೂ ಕರಗಿ ಒಂದೇ ಲೋಹವಾದವು. 2020ರ ‘ಮೆಸ್ತರಿನ್ ಕುನ್ಸಿ’ ದೊಡ್ಡ ಧ್ವನಿಮುದ್ರಣ ಕಂಪನಿಯಾದ ನ್ಯೂಕ್ಲಿಯರ್ ಬ್ಲಾಸ್ಟ್‌ನಿಂದಲೇ ಬಂತು. ಆ ಆಲ್ಬಂಗಳು ಹೆಚ್ಚು ಪಕ್ವವಾಗಿವೆ ಎನ್ನುವುದನ್ನು ನಾನು ಒಪ್ಪುತ್ತೇನೆ. ಆದರೂ ನಾನು ಮೊದಲನೆಯದಕ್ಕೇ ಹಿಂತಿರುಗುತ್ತೇನೆ, ಏಕೆಂದರೆ ಅದರಲ್ಲಿ ಹೊಲಿಗೆ ಇನ್ನೂ ಕಾಣುತ್ತದೆ: ಬ್ಲ್ಯಾಕ್ ಮೆಟಲ್ಲಿನ ಮನೆಯೊಳಗೆ ಬೇರೆ ಊರಿನವನೊಬ್ಬ ಬಂದು ಕುಳಿತು, ಆ ಮನೆಯ ಮಾತನ್ನೇ ತನ್ನ ಉಚ್ಚಾರದಲ್ಲಿ ಆಡುತ್ತಿರುವುದು ಕೇಳಿಸುತ್ತದೆ.

ನನಗೆ ಫಿನ್ನಿಶ್ ಬಾರದು. ಹಾಗಿದ್ದರೂ ಕನ್ನಡದ ಕಿವಿಗೆ ಅದು ಪೂರ್ತಿ ಪರಕೀಯವಲ್ಲ. ಅಲ್ಲಿ ‘ತುಲಿ’ ಬೆಂಕಿ, ‘ತೂಲಿ’ ಗಾಳಿ, ‘ತುಲ್ಲಿ’ ಸುಂಕ. ಇಲ್ಲಿ ಬಳಿ, ಬಾಳಿ, ಬಳ್ಳಿ. ಸ್ವರದ ಉದ್ದವೂ ಒತ್ತಕ್ಷರವೂ ಅರ್ಥವನ್ನೇ ಬದಲಿಸುವ ಭಾಷೆಯಲ್ಲಿ ಬೆಳೆದವರಿಗೆ, ಆಲ್ಬಮ್ಮಿನ ಮೊದಲ ಹಾಡಿನ ಹೆಸರಾದ ‘ಕೊರ್ಪ್ಪಿ’ಯಲ್ಲಿ ಆ ಇಮ್ಮಡಿ ಪಕಾರ ಎಷ್ಟು ಮುಖ್ಯವೆಂದು ಯಾರೂ ಹೇಳಿಕೊಡಬೇಕಿಲ್ಲ. ಅದು ಕಾಡುಕಾಗೆಯ ಹೆಸರು.

ಆ ರಾತ್ರಿ ಚಂದ್ರ 82 ನಿಮಿಷ ಪೂರ್ಣ ನೆರಳಿನಲ್ಲಿದ್ದ. ನಾನು ಕಂಡಷ್ಟರಲ್ಲಿ ಅದು ದಾಂಜೋ ಮಾನದ ಸೊನ್ನೆಯಾಗಿರಲಿಲ್ಲ. ಕೆಂಪು ಚೆನ್ನಾಗಿಯೇ ಉಳಿದಿತ್ತು. ಹನ್ನೆರಡೂ ಕಾಲು ದಾಟಿ, ಅಂಚಿನಲ್ಲಿ ಬಿಳಿಯ ಗೆರೆ ಮೂಡುವ ತನಕ ನಿಂತಿದ್ದು ಕೆಳಗಿಳಿದೆ. ಬೆಂಗಳೂರಿಗೆ ಮೊದಲಿಂದ ಕೊನೆಯವರೆಗೆ ಕಾಣುವ ಮುಂದಿನ ಪೂರ್ಣ ಚಂದ್ರಗ್ರಹಣ 2028ರ ಡಿಸೆಂಬರ್ 31ರ ರಾತ್ರಿಯದು. ಅಂದು ಊರೆಲ್ಲ ಹೊಸ ವರ್ಷದ ಪಟಾಕಿ ಹಚ್ಚುತ್ತಿರುವಾಗ, ಇದೇ ಆಲ್ಬಮ್ಮಿನೊಂದಿಗೆ ತಾರಸಿ ಹತ್ತಬೇಕೆಂದು ಈಗಲೇ ನಿಶ್ಚಯಿಸಿಕೊಂಡಿದ್ದೇನೆ.